ಗುಳುಕ್

ಮೇ ತಿಂಗಳ ಕೊನೆ. ಬ್ಯಾಲರಾಟ್‌ನ ಬೀದಿಗಳಲ್ಲಿ ಬೆಳಗಿನ ಹೊತ್ತು
ಕಾರಿನ ಗಾಜಿಂದ ಹಿಮ ಕೆರೆಯುವ ಸದ್ದು ಶುರುವಾಯಿತೋ
ನನಗೆ ಗೊತ್ತು, ಬಂದರು ಇನ್ನು:
ಟೊಪ್ಪಿ ತೆಗೆಯದೆ, ಅಂಗೈ ಉಜ್ಜುತ್ತ,
ಮೊಳೆ, ಬಣ್ಣ, ನಲ್ಲಿಗಳ ಸಾಲು ದಾಟಿ
ಅಂಗಡಿಯ ಹಿಂದಿನ ಮೂಲೆಗೆ, ನನ್ನ ಮೂಲೆಗೆ.
"ಈ ಸಲ ಮನೆಯಲ್ಲೇ ಬಿಯರ್ ಮಾಡೋಣ ಅಂತ."

ಈ ಸಲ.
ಐದೂವರೆಗೇ ಕತ್ತಲು. ಕ್ರಿಕೆಟ್ ಮುಗಿದು ಬ್ಯಾಟು ಅಟ್ಟ ಸೇರಿದೆ.
ತನ್ನ ಮನೆಯಲ್ಲಿ ಏನಾದರೊಂದು ತಾನಾಗಿ ಉಕ್ಕಲಿ
ಅನ್ನಿಸುವುದರಲ್ಲಿ ತಪ್ಪೇನಿದೆ?

ನಾನು ತೊಟ್ಟು ಕುಡಿದವಳಲ್ಲ. ಕಮತಗಿಯ ನೇಕಾರರ ಮಗಳು.
ಹಾಸುನೂಲಿಗೆ ಹಚ್ಚುವ ಗಂಜಿ ಹಳಸಿತೇ, ಇನ್ನೂ ನಡೆದೀತೇ,
ಅಪ್ಪ ಮೊದಲು ನನ್ನ ಮೂಗಿಗೇ ಹಿಡಿಯುತ್ತಿದ್ದ.
ಆ ಮೂಗೇ ಇಲ್ಲಿ ನನ್ನ ಡಿಗ್ರಿ.

ಅಂಚೆಯಿಂದ ನಿವೃತ್ತನಾದ ಟ್ರೆಂಬತ್ ಕೇಳಿದ:
ಮಾಲ್ಟ್ ಅಂದರೆ ನಿಜಕ್ಕೂ ಏನು?
ಬಾರ್ಲಿ ನೆನೆಹಾಕುತ್ತಾರೆ. ಮೊಳಕೆಗೆ ಆಸೆ ಹಚ್ಚುತ್ತಾರೆ.
ಇಷ್ಟೇ ಇಷ್ಟು ಬಾಲ ಮೂಡುತ್ತಲೂ
ಒಣಗಿಸಿ ಹುರಿದುಬಿಡುತ್ತಾರೆ.
"ಅಯ್ಯೋ ಪಾಪ" ಅಂದ. ಐದು ಕಿಲೋ ತೂಗಿಸಿಕೊಂಡ.
ಪೀಪಾಯಿ ಬೇಡವಂತೆ, ಮನೆಯಲ್ಲಿ ಬಕೆಟ್ ಇದೆಯಂತೆ.

ಜೂನಿನಲ್ಲಿ ಸಾಲು. ಜುಲೈನಲ್ಲಿ ದೂರು:
ಗುಳ್ಳೆ ಏಳುತ್ತಿಲ್ಲ, ಯೀಸ್ಟ್ ಸತ್ತಿದೆ, ದುಡ್ಡು ವಾಪಸ್ ಕೊಡಿ.
ಸತ್ತಿಲ್ಲ ಮಾರಾಯರೇ, ಚಳಿಗೆ ಮಲಗಿದೆ.
ಕಂಬಳಿ ಹೊದಿಸಿ. ಮುಚ್ಚಳ ತೆಗೆದು ತೆಗೆದು ನೋಡಬೇಡಿ.
(ನನ್ನ ದೋಸೆಹಿಟ್ಟೂ ಉಬ್ಬಿಲ್ಲ ಮೂರು ದಿನದಿಂದ.
ಅಂಗಡಿಯದೇ ಬಿಸಿಪಟ್ಟಿ ಒಂದು
ರಾತ್ರಿ ನನ್ನ ಪಾತ್ರೆಯ ಸೊಂಟಕ್ಕೆ. ಯಜಮಾನರಿಗೆ ಹೇಳಿಲ್ಲ.)

ಆಗಸ್ಟ್ ಮುಗಿಯುವಾಗ ವಾಟಲ್ ಹಳದಿಯಾಗುತ್ತದೆ
ಮೂಲೆ ಖಾಲಿಯಾಗುತ್ತದೆ.
ವೆಂಡೂರಿ ಕೆರೆಯ ಸುತ್ತ ಎಲ್ಲರೂ ಓಡುತ್ತಿದ್ದಾರೆ
ಹೊಟ್ಟೆ ಕರಗಿಸಲು. ಅದೂ ಈ ಸಲವೇ.
ಚರ್ಚಿನವರ ಹಳೆಸಾಮಾನಿನ ಅಂಗಡಿಯ ಮುಂದೆ
ನೀಲಿ ಮುಚ್ಚಳದ ಪೀಪಾಯಿಗಳು, ಒಂದರೊಳಗೊಂದು.

ಅದರಲ್ಲಿ ಒಂದರ ಗುರುತು ನನಗುಂಟು,
ಕಂಠದ ಹತ್ತಿರ ಸುಟ್ಟ ಕಲೆ.
ನಾಲ್ಕು ಚಳಿಗಾಲ ನಾಲ್ಕು ಮನೆಗೆ ಮಾರಿದ್ದೇನೆ:
ಪಣ ಕಟ್ಟಿದ ನರ್ಸಿಗೆ, ಮದುವೆಯಾದ ಜೋಡಿಗೆ,
ಮರುವರ್ಷ ಆ ಜೋಡಿಯಲ್ಲಿ ಒಬ್ಬನಿಗೆ,
ಆಮೇಲೆ ಹೆಸರು ಹೇಳದ ಒಬ್ಬ ಶಾಲೆಯ ಮೇಷ್ಟ್ರಿಗೆ.
ಪ್ರತಿ ಸಲ ಐದು ಡಾಲರಿಗೆ ತಂದು, ಸೋಡಾ ಹಾಕಿ ಉಜ್ಜಿ,
ಮತ್ತೆ ಕಪಾಟಿಗೆ. ಹೊರಟ ಹೆಣ್ಣಿನಂತೆ ಅದು
ತವರಿಗೆ ಬರುವ ದಾರಿ ಮರೆತಿಲ್ಲ.

ಅಕ್ಟೋಬರ್. ಟೊಮೆಟೊ ಸಸಿಗೆ ಜನ ಮುಗಿಬಿದ್ದ ಶನಿವಾರ
ಟ್ರೆಂಬತ್ ಬಂದ, ಕೋಟಿನೊಳಗೊಂದು ಬಾಟಲಿ.
"ಕುಡಿಯಬೇಡ. ಮೂಸು ಸಾಕು. ಸುಳ್ಳು ಹೇಳಬೇಡ."
ಮೂಸಿದೆ.
ಕಮತಗಿ. ಸಂಜೆ. ಅಪ್ಪ ಚೆಲ್ಲಲು ಮರೆತ ಗಂಜಿಯ ಗಡಿಗೆ.
"ಹುಳಿತಿದೆ" ಅಂದೆ, "ಮೂರನೆಯ ದಿನವೇ. ಬಕೆಟ್ ಸರಿಯಾಗಿ ತೊಳೆದಿಲ್ಲ."
"ಗೊತ್ತು. ಹದಿನೇಳು ಬಾಟಲಿ ಕುಡಿದಾಗಿದೆ."
ಮುಖ ಕಿವುಚಿ, ಆಮೇಲೆ ನಕ್ಕ.
"ಈಗ ಆ ಪೀಪಾಯಿ ಕೊಡು. ಸುಟ್ಟದ್ದಾದರೂ ಸರಿ."

ಬಿಸಿಲು ಬಂತು, ಈಗೇಕೆ, ಜೂನಿಗೆ ಬನ್ನಿ ಎನ್ನಬೇಕೆಂದುಕೊಂಡೆ.
ಎನ್ನಲಿಲ್ಲ. ಕುದಿನೀರು, ಎರಡು ಸಲ, ಅಂದೆ ಅಷ್ಟೇ.

ಬುಧವಾರ ಕೌಂಟರಿನ ಫೋನು.
ಹಲೋ ಅಂದರೆ ಮಾತಿಲ್ಲ. ಮತ್ತೆ ಹಲೋ.
ನನ್ನೆದುರು ಸಸಿ ಹಿಡಿದ ಆರು ಜನ,
ಯಾರದೋ ಮಗು ಅಳುತ್ತಿದೆ, ಇಡುವವಳಿದ್ದೆ.
ಆಗ ಕೇಳಿಸಿತು, ಪ್ಲಾಸ್ಟಿಕ್ಕಿನ ಗಂಟಲಲ್ಲಿ:

ಗುಳುಕ್.

ತಡೆದು, ಯೋಚಿಸಿದಂತೆ, ಇನ್ನೊಂದು.