ಶಟರ್

ನೇವಾ ಗಟ್ಟಿಯಾಗಿ ಆರನೇ ದಿನ.
ಇರೈದಾ ಲ್ವೋವ್ನಾ ಕೋಟು ಬಿಚ್ಚದೆಯೇ ಪಂಪು ಹಚ್ಚಿದರು.
"ನಿರ್ವಾತಕ್ಕೆ ಆತುರ ಆಗದು, ಎರೆಮೇಯ್,
ಚಹಾ ಕುಡಿ."

ಟಂಗ್‌ಸ್ಟನ್ನಿನ ಪುಟ್ಟ ಭರಣಿ, ಉಗುರಿನಗಲ.
ಮುಚ್ಚಳಕ್ಕೊಂದು ತೂತು,
ಸಾಸಿವೆಯನ್ನೂ ಬಿಡದಷ್ಟು ಜಿಪುಣ.
ಒಳಗೆ ಸುಣ್ಣ, ಬಿಳಿ ಮರಳು,
ಕಾದು ಕಾದು ಈಗ ಒಂದೇ ಪಾಕ.

ನನ್ನ ಕೆಲಸ ಕಣ್ಣಿನದು.
ಪೈರೋಮೀಟರಿನೊಳಗೆ ಕೂದಲೆಳೆಯಂಥ ತಂತಿ;
ಕುಲುಮೆಯ ಹೊಳಪಿನಲ್ಲಿ ಅದು ಬೆರೆತು ಕಾಣದಾದ ಗಳಿಗೆ
ಉಷ್ಣತೆ ಕೂಗಬೇಕು.
ಎರಡು ಸಾವಿರಕ್ಕೆ ಎಂಟು ಕಡಿಮೆ!
ಕಿಟಕಿಯಾಚೆ ಮೈನಸ್ ಇಪ್ಪತ್ಮೂರು.

ತೂತಿನಿಂದ ಹೊರಡುತ್ತವೆ ಕಣಗಳು,
ತಳ್ಳಾಟವಿಲ್ಲ, ಮಾತಿಲ್ಲ,
ಕಾಂತವೊಂದು ದಾರಿಯಲ್ಲಿ ನಿಂತು
ತೂಕ ಕೇಳಿ ಕೇಳಿ ಬಾಗಿಸುತ್ತದೆ.
ಒಂಟಿ ಮರಳಾಗಿದ್ದರೆ ಇಷ್ಟು ಹಾರಬೇಕಿತ್ತು.
ಸುಣ್ಣದ ಪಕ್ಕದಲ್ಲಿ ಹಾರಿದ್ದು ಚೂರುಪಾರು.
ಬಿಟ್ಟುಹೋಗಲು ಮನಸ್ಸೆಷ್ಟು ಎಂಬುದಕ್ಕೂ ಅಂಕಿಯುಂಟು:
ಸೊನ್ನೆ ಬಿಂದು ಸೊನ್ನೆ ಎರಡು.

ತಕರಾರಿರುವುದು ನಲವತ್ತನಾಲ್ಕರಲ್ಲಿ.
ಮರಳಿನ ಆವಿಯ ತೂಕ ನಲವತ್ತನಾಲ್ಕು,
ನಾವು ಹೊರಬಿಟ್ಟ ಉಸಿರಿನದೂ ಅಷ್ಟೇ.
ಪಂಪು ಎಷ್ಟೆಳೆದರೂ ಗೋಡೆಗಂಟಿ ಒಂದಿಷ್ಟು ಉಳಿಯುತ್ತದೆ,
ಮೊನ್ನೆ ಬಾಗಿಲು ತೆರೆದವರದು,
ಯಾರು ಕಂಡರು, ತೀರಿಕೊಂಡ ಸವೇಲಿ ಒಸಿಪೊವಿಚ್‌ರದೂ ಇರಬಹುದು.
ಅದಕ್ಕೇ ಈ ಶಟರ್.
ಎತ್ತಿ ಓದು. ಇಳಿಸಿ ಓದು. ಕಳೆ.
ಇಳಿಸಿದ ಮೇಲೂ ಮುಳ್ಳು ತೋರುವುದು ನಮ್ಮನ್ನೇ.

ತೊಂಬತ್ತಮೂರರಲ್ಲಿ, ಸಂಬಳವಿಲ್ಲದ ಏಳು ತಿಂಗಳಲ್ಲಿ,
ಹೋಲಿಸಿ ನೋಡಲು ಉಗ್ರಾಣದಲ್ಲಿ ಗುಂಜಿ ಚಿನ್ನವಿರಲಿಲ್ಲವಂತೆ.
ಇರೈದಾ ಲ್ವೋವ್ನಾ ತಂದದ್ದು ತಾಯಿಯ ಹಲ್ಲಿನ ಕವಚ.
ಕಾಯಿಸಿದರೆ ನೂರ ಏಳರಲ್ಲಿ, ನೂರ ಒಂಬತ್ತರಲ್ಲಿ
ಅವಳಿಜವಳಿ ಬೆಳ್ಳಿ, ಎಲ್ಲರಿಗಿಂತ ಮೊದಲು;
ಅರವತ್ತಮೂರರಲ್ಲಿ ತಾಮ್ರ;
ಕೊನೆಗೆ, ಸಾವಕಾಶ, ನೂರ ತೊಂಬತ್ತೇಳರಲ್ಲಿ ಚಿನ್ನ.
ಅಳತೆಗೋಲಾಗಲು ಬಾರದು.
"ಆ ದಂತವೈದ್ಯ!" ಎಂದು ಈಗಲೂ ನಗುತ್ತಾರೆ,
"ಅಮ್ಮ ಅವನಿಗೆ ಒಂದು ಬಾತುಕೋಳಿಯನ್ನೂ ಕೊಟ್ಟಿದ್ದಳು."
ಆದರೂ ಅಂಕಿಗಳೆಲ್ಲ ಹಸಿರು ರಟ್ಟಿನ ಪುಸ್ತಕದಲ್ಲಿವೆ,
ನಾನೇ ನೋಡಿದ್ದೇನೆ,
ದಿನಾಂಕ, ಉಷ್ಣತೆ, ಪ್ರವಾಹ,
ಮಾದರಿ ಎಂಬ ಖಾನೆಯಲ್ಲಿ: ಅಮ್ಮ.

ನಾಲ್ಕಕ್ಕೇ ಕತ್ತಲು.
ನದಿಯ ಮೇಲೆ ಯಾರೋ ಲಾಟೀನಿಟ್ಟು ಮೀನಿಗೆ ತೂತು ಕೊರೆಯುತ್ತಿದ್ದಾರೆ.
ಚಹಾದ ಹಬೆ ಕನ್ನಡಕಕ್ಕೆ ಕೂತಿದ್ದನ್ನು ಒರೆಸಿಕೊಂಡೆ,
ತಂತಿ ಇತ್ತು, ಇತ್ತು,
ಇಲ್ಲ.
ಕೂಗಿದೆ.
ಆಕೆ ಶಟರ್ ಎತ್ತಿದರು.