ಕೂಗಳತೆ

ಗುರುವಾರ ಹನ್ನೊಂದರ ಹೊತ್ತಿಗೆ
ಆಲ್ಡರ್‌ಶಾಟಿನ ಈ ಟಿಕೆಟ್ ಅಂಗಡಿಗೆ
ಸುಕ್‌ಮಾಯಾ ಪುನ್ ಬರುತ್ತಾರೆ.
ಕೊಡೆ ಜಾಡಿಸಿ, ಉಲ್ಲನ್ ಟೋಪಿ ತೆಗೆಯದೆ,
ಹೀಟರಿನ ಪಕ್ಕದ ಕುರ್ಚಿಯಲ್ಲಿ ಕೂತು
ಮತ್ತದೇ ಪ್ರಶ್ನೆ:
ಕಾಠ್ಮಂಡುವಿನಿಂದ ಹಾಂಗ್‌ಕಾಂಗಿಗೆ ಎಷ್ಟು ದೂರ?

ಮೂರು ಸಾವಿರ ಕಿಲೋಮೀಟರಿಗೆ ಮೂವತ್ತು ಕಮ್ಮಿ.
ಪರದೆ ನೋಡದೆಯೇ ಹೇಳುತ್ತೇನೆ ಈಗೀಗ.
ನೇರ ವಿಮಾನವಾದರೆ ನಾಲ್ಕೂವರೆ ತಾಸು.
ವಾಪಸು?
ವಾಪಸಿಗೆ ಇನ್ನರ್ಧ ತಾಸು ಸೇರಿಸಿಕೊಳ್ಳಿ, ಗಾಳಿ ಎದುರು.
ಅವರು ತಲೆಯಾಡಿಸುತ್ತಾರೆ,
ಗಾಳಿಯ ಗುಣ ಮೊದಲೇ ಗೊತ್ತಿದ್ದವರ ಹಾಗೆ.

ಇಲ್ಲಿಂದ ಅಲ್ಲಿಗೆ ಎಷ್ಟು ಅಂತ
ಒಂದು ಗುರುವಾರವೂ ಕೇಳಿದ್ದಿಲ್ಲ.

ನನ್ನ ಹರಕು ಹಿಂದಿ, ಅವರ ಅರೆ ನೇಪಾಳಿ,
ನಡುವೆ ಒಂದು ಬಟ್ಟಲು ಚಹಾ. ಹೀಗೆ ತಿಳಿದದ್ದು:
ದೊಡ್ಡವ ಕಾಠ್ಮಂಡುವಿನಲ್ಲಿ, ಟೈರಿನ ಅಂಗಡಿ.
ಚಿಕ್ಕವ ಹಾಂಗ್‌ಕಾಂಗಿನಲ್ಲಿ, ರಾತ್ರಿ ಪಾಳಿಯ ಕಾವಲು.
ಪೋಖರಾದ ಮನೆಯಲ್ಲಿ ಯಾವುದೋ ಗೋಡೆಯ ವಿಷಯ,
ಇವನು ಕೆಡವು ಅಂದ, ಅವನು ಬೇಡ ಅಂದ.
ಮಾತು ಬಿಟ್ಟು ಒಂಬತ್ತು ವರ್ಷ.
ಗೋಡೆ ಇದ್ದಲ್ಲೇ ಇದೆಯಂತೆ.

ನಮ್ಮ ರೋಣದ ಕಡೆ ಅಜ್ಜ ದೂರವನ್ನು ಬೀಡಿಯಲ್ಲಿ ಅಳೆಯುತ್ತಿದ್ದ:
ಸಂತೆಗೆ ಮೂರು ಬೀಡಿ, ಬಾವಿಗೆ ಅರ್ಧ.
ಅಜ್ಜಿಗೆ ಅದೂ ಬೇಡ.
ಕೂಗಿದರೆ ಕೇಳುವುದು, ಕೂಗಿದರೂ ಕೇಳದ್ದು,
ಅಷ್ಟರಲ್ಲೇ ಅವಳ ಭೂಗೋಳ ಮುಗಿಯುತ್ತಿತ್ತು.

ಒಮ್ಮೆ ಚೀಲದಿಂದ ಕೆಂಪು ನೂಲು ತೆಗೆದು
ಮೇಜಿನ ಮೇಲಿನ ಬಣ್ಣಗೆಟ್ಟ ಗ್ಲೋಬಿಗೆ ಹಿಡಿದರು,
ಒಂದೂರಿನಿಂದ ಇನ್ನೊಂದೂರಿಗೆ.
ಹಲ್ಲಿನಲ್ಲಿ ಕಡಿದು, ಎರಡು ಮಡಿಸಿ,
ಮಡಿಕೆ ಬಿದ್ದ ಜಾಗದಲ್ಲಿ ಬೆರಳಿಟ್ಟು, ಇದೇನು?
ಚೀನಾದ ಯುನ್ನಾನ್, ಅಂದೆ. ಪಕ್ಕದಲ್ಲೊಂದು ಕೆರೆ.
ಅಲ್ಲಿ ವಿಮಾನ ಇಳಿಯುತ್ತದೆಯೇ?
ಇಳಿಯುತ್ತದೆ. ಆದರೆ ವೀಸಾ ಬೇಕು, ನಡುವೆ ಬದಲಾಯಿಸಬೇಕು...
ಹೋಗಲಿ ಬಿಡು, ಎಂದು ನೂಲು ಸುತ್ತಿಟ್ಟರು.
ಕೆರೆ ನೋಡಲು ಯಾರು ಬರುತ್ತಾರೆ?

ಆಮೇಲಿನ ವಾರ ಪ್ರಶ್ನೆ ಬದಲಾಯಿತು.
ನಾನು ಸತ್ತರೆ, ಯಾವನು ಮೊದಲು ಮುಟ್ಟುತ್ತಾನೆ?

ಹೊರಗೆ ಬಸ್ಸೊಂದು ನಿಂತು, ಉಸಿರು ಬಿಟ್ಟು, ಹೋಯಿತು.
ನಾನು ಲೆಕ್ಕ ಹಾಕಿದೆ; ಹಾಕುವುದೇ ನನ್ನ ಕೆಲಸ.
ಚಿಕ್ಕವ ನೇರ, ಹದಿನಾಲ್ಕು ತಾಸು.
ದೊಡ್ಡವ ದೋಹಾ ದಾಟಿ, ಹದಿನೇಳು.

ಹಾಗಾದರೆ ದೊಡ್ಡವನಿಗೆ ಮೊದಲು ಫೋನು.
ಮೂರು ತಾಸು ಬಿಟ್ಟು ಚಿಕ್ಕವನಿಗೆ.
ಹೀಥ್ರೂನಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಇಳಿಯಬೇಕು.
ಟ್ಯಾಕ್ಸಿ ಒಂದೇ ಹೇಳು.

ಒಂದೇ?

ಇಲ್ಲಿಗೆ ಮುಕ್ಕಾಲು ತಾಸಿನ ದಾರಿ,
ಹಿಂದಿನ ಸೀಟು, ನಡುವೆ ಒಂದು ಚೀಲ.
ಡ್ರೈವರನಿಗೆ ಹೇಳಿಡು, ರೇಡಿಯೋ ಹಾಕಕೂಡದು.

ರಸೀದಿಯ ಹಿಂಬದಿಗೆ ಬರೆದುಕೊಂಡೆ:
ಎರಡು ಟಿಕೆಟ್, ಒಂದು ಗಾಡಿ.
ತಾರೀಖಿನ ಜಾಗ ಖಾಲಿ.

ಅಂದಿನಿಂದ ದೂರ ಕೇಳುವುದಿಲ್ಲ, ದರ ಕೇಳುತ್ತಾರೆ.
ಚಿಲ್ಲರೆ ಪರ್ಸಿನಲ್ಲಿ ಮಡಿಸಿಟ್ಟ ನೋಟುಗಳನ್ನು
ಮುಟ್ಟಿ ನೋಡಿಕೊಳ್ಳುತ್ತಾರೆ, ಎಣಿಸುವುದಿಲ್ಲ.

ಇವತ್ತು ನಲವತ್ತು ಪೌಂಡು ಏರಿದೆ ಅಮ್ಮಾ, ಅಂದೆ.

ಸರಿ, ಹಾಗಾದರೆ ಈ ವಾರ ಬೇಡ,
ಎಂದು ಕೊಡೆ ಬಿಚ್ಚಿ ಎದ್ದರು.