ನಲವತ್ತೊಂದು ಹಲ್ಲು

ಕೌಲ್‌ಬಜಾರಿನ ತಗಡಿನ ಶೆಡ್ಡು, ಮೇ ತಿಂಗಳ ಹನ್ನೊಂದು ಗಂಟೆ.
ಸ್ಪ್ಯಾನರು ಮುಟ್ಟಿದರೆ ಕೆಂಡ.
"ದೊಡ್ಡ ಎಂಜಿನ್ ಬೇಕು," ಅಂದೆ ಹೊನ್ನೂರ್‌ವಲಿಗೆ,
"ಹೊಸಪೇಟೆ ಗುಜರಿಯಲ್ಲಿ ಒಂದು ಐತಂತೆ,
ಮೂರು ಲೀಟರಿಂದು. ಮೈದುನ ನೋಡಿ ಬಂದಾನೆ."
ಅವನು ಉತ್ತರ ಕೊಡಲಿಲ್ಲ.
ಬಾಯೊಳಗಿನ ಅಡಿಕೆ ಈ ದವಡೆಯಿಂದ ಆ ದವಡೆಗೆ ದಾಟಿತು.

ಹೋದ ತಿಂಗಳು ಸಂಡೂರಿನ ಏರಿನಲ್ಲಿ ನಿಂತದ್ದು ಹೇಳಿದೆ.
ಹಿಂದೆ ಎರಡು ಟನ್ನಿನ ಜನರೇಟರು,
ಮುಂದೆ ನನ್ನ ಪಿಕಪ್ಪು, ಸುಟ್ಟ ಕ್ಲಚ್ಚಿನ ನಾತ,
ಅದಿರು ಲಾರಿಗಳ ಹಾರನ್ನು.
ತಿಪ್ಪೇಶಿ ಜಿಗಿದು ಚಕ್ರಕ್ಕೆ ಕಲ್ಲು ಕೊಟ್ಟ;
ಕೆಂಪು ಧೂಳಿನಲ್ಲಿ ಹುಡುಗನ ಹಲ್ಲಷ್ಟೇ ಕಾಣುತ್ತಿತ್ತು.
ಅತ್ತ ಛತ್ರದಲ್ಲಿ ಮದುಮಗಳ ಮೇಕಪ್ಪು
ಮೊಬೈಲ್ ಬೆಳಕಿನಲ್ಲಿ ನಡೆಯಿತಂತೆ.
ಬಾಡಿಗೆಯಲ್ಲಿ ಅರ್ಧ ಮುರಿದುಕೊಂಡರು.

ಎಲ್ಲ ಕೇಳಿ, ಹಿಂದಿನ ಎರಡೂ ಚಕ್ರ ಜಾಕಿಗೇರಿಸಿದ.
ಟೈರಿಗೊಂದು ಸುಣ್ಣದ ಗೀಟು, ಶಾಫ್ಟಿಗೊಂದು.
"ಅಕ್ಕಾ, ಶಾಫ್ಟು ನಾನು ತಿರುಗಿಸ್ತೀನಿ, ಟೈರು ನೀನು ನೋಡು."
ಒಂದು. ಎರಡು. ಮೂರು. ನಾಲ್ಕು. ಇನ್ನೊಂದು ಚೂರು.
ಆಗ ಬಂತು ಟೈರಿನ ಗೀಟು ಒಂದು ಸುತ್ತು ಮುಗಿಸಿ.
"ಕ್ರೌನಿಗೆ ನಲವತ್ತೊಂದು ಹಲ್ಲು, ಪಿನಿಯನ್ನಿಗೆ ಹತ್ತು.
ಟೊಮ್ಯಾಟೊ ಹೊರೋ ಗಾಡಿಯ ಹಲ್ಲಿವು.
ನೀನು ಕಬ್ಬಿಣದ ಕಡಲೆ ಕೊಟ್ಟೀಯ."

ಕಿವಿಯ ಮೇಲಿನ ಸೀಸದ ಕಡ್ಡಿ ಇಳಿಯಿತು.
ಗ್ಯಾಸ್ಕೆಟ್ ಡಬ್ಬದ ಮೇಲೆ ಬರೆದ: ಮೂವತ್ತೊಂಬತ್ತು, ಕೆಳಗೆ ಎಂಟು.
"ಎಂಜಿನ್ನು ಅದೇ. ಐದರಲ್ಲೊಂದು ಪಾಲು ಹೆಚ್ಚಿಗೆ ಎಳೀತೈತೆ.
ಬಯಲಲ್ಲಿ ಐದರಲ್ಲೊಂದು ಪಾಲು ಹೆಚ್ಚಿಗೆ ಅರಚತೈತೆ.
ಡೀಸೆಲ್ಲೂ ಒಂದಿಷ್ಟು ಕುಡೀತೈತೆ, ಸುಳ್ಳು ಯಾಕೆ ಹೇಳ್ಲಿ."

"ಸಿರುಗುಪ್ಪ, ಕುರುಗೋಡು, ಮೋಕಾ, ನನ್ನದೆಲ್ಲ ಬಯಲೇ ವಲಿ.
ಏರು ಹತ್ತೋದು ತಿಂಗಳಿಗೆ ನಾಲ್ಕು ಸಲ."
"ಬಯಲಲ್ಲಿ ಯಾವತ್ತಾದ್ರೂ ನಿಂತೀಯೇನು?"
ಇಲ್ಲ.
"ಮತ್ತೆ?"

ಇಳಿಜಾರಿನ ಮಾತು ನಾನು ಎತ್ತಿರಲಿಲ್ಲ.
ಬ್ರೇಕ್ ಡ್ರಮ್ಮು ಕಾದು ನೀಲಿಗಟ್ಟಿದ ಕಡೆ
ಅವನೇ ಬೆರಳಿಟ್ಟ.
ನಾನು ಬೀದಿಯ ಕಬ್ಬಿನ ಹಾಲಿನ ಗಾಡಿ ನೋಡುತ್ತ ನಿಂತೆ.

ಈಗ ಎರಡನೇ ಗೇರಿನಲ್ಲಿ ಏರು ಹತ್ತುತ್ತೇನೆ,
ಅದೇ ಗೇರಿನಲ್ಲಿ ಇಳಿಯುತ್ತೇನೆ, ಕಾಲು ಬ್ರೇಕಿನ ಪಕ್ಕದಲ್ಲಿ ಸುಮ್ಮನಿರುತ್ತದೆ.
ಬಯಲಿನಲ್ಲಿ ಭತ್ತದ ಟ್ರ್ಯಾಕ್ಟರೊಂದನ್ನು ಬಿಟ್ಟು
ಎಲ್ಲವೂ ನನ್ನನ್ನು ಹಿಂದಿಕ್ಕುತ್ತವೆ.
ಮೀಟರು ಬೇರೆ ಹೊಸ ಹಲ್ಲಿನ ಸುದ್ದಿ ತಿಳಿಯದೆ
ಎಪ್ಪತ್ತೊಂದು ತೋರಿಸುತ್ತದೆ, ಓಡುವುದು ಅರವತ್ತು.
ಮೈದುನ ಪಕ್ಕದಲ್ಲಿ ಕೂತಾಗ ನಾನು ತಿದ್ದುವುದಿಲ್ಲ.

ಹಳೆಯ ಕ್ರೌನು ಗುಜರಿಗೆ ಹಾಕಲಿಲ್ಲ.
ಸೀಮೆಎಣ್ಣೆಯಲ್ಲಿ ತೊಳೆದು, ಬೂದಿಯಲ್ಲಿ ಉಜ್ಜಿ
ನೀರಿನ ಕೊಡಕ್ಕೆ ಸಿಂಬಿ ಮಾಡಿದ್ದೇನೆ.
ತಿಪ್ಪೇಶಿ ಎರಡು ಸಲ ಎಣಿಸಿ ನಲವತ್ತೂವರೆ ಅಂದ.
ಉಳಿದ ಅರ್ಧ
ಹೊನ್ನೂರ್‌ವಲಿ ಇಳಿಸಿದ ಹಳೆ ಎಣ್ಣೆಯ ತಳದಲ್ಲಿ ಸಿಕ್ಕಿತ್ತು,
ಕಾಳಿನಷ್ಟು, ಇನ್ನೂ ಚೂಪಾಗಿ.